ಐದನೆಯ ಗಂಟು

ಜನವರಿ 9

ಚಿಕ್ಕಪ್ಪನಿಗೆ ನಮಸ್ಕಾರ.

ನಾನು ಯಾರೆಂದು ಹೇಳಿದರೆ ನೀವು ಈ ಕಾಗದವನ್ನು ಇಲ್ಲಿಗೇ ಮಡಿಸಿಡಬಹುದು. ಆದರೂ ಹೇಳದೆ ವಿಧಿಯಿಲ್ಲ. ನಾನು ನಿಮ್ಮ ಅಣ್ಣನ ಮಗಳು. ನೀವು ಮನೆ ಬಿಟ್ಟಾಗ ನನಗೆ ಏಳು ವರ್ಷ, ಈಗ ನಲವತ್ತೈದು. ನಿಮ್ಮ ವಿಳಾಸ ಅಮ್ಮನ ಗುಂಡಿ-ದಾರದ ಡಬ್ಬಿಯಲ್ಲಿ ಸಿಕ್ಕಿತು. ಅಲ್ಲಿ ಯಾಕಿತ್ತು ಎಂದು ಕೇಳಿದರೆ ಅಮ್ಮ, "ಡಬ್ಬೀಲಿ ಜಾಗ ಇತ್ತು, ಇಟ್ಟೆ" ಎಂದರು. ಅವರ ಉತ್ತರಗಳು ನಿಮಗೂ ನೆನಪಿರಬಹುದು.

ನಾನು ಬಂದರಿನ ಪಕ್ಕದ ಕಡಲ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತೇನೆ. ಹಿಂದೆ ಹತ್ತಿ ತುಂಬುತ್ತಿದ್ದ ಗೋದಾಮು ಅದು. ಈಗ ಅಲ್ಲಿ ಲಂಗರುಗಳು, ಹರಿದ ಹಾಯಿಗಳು, ತುಕ್ಕು ಹಿಡಿದ ಲಾಟೀನುಗಳು, ಕಡಲಿಗೆ ಹೋಗಿ ಬಂದವರ ಪೆಟ್ಟಿಗೆಗಳು ಇವೆ. ಬಂದ ಪ್ರತಿಯೊಂದಕ್ಕೂ ನಂಬರು ಕೊಟ್ಟು, ಅಳತೆ ತೆಗೆದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಅಪ್ಪ ಹೋಗಿ ಎರಡು ವರ್ಷವಾಯಿತು. ಅವರ ಪೆಟ್ಟಿಗೆಯನ್ನು ಅಮ್ಮ ಕಳೆದ ತಿಂಗಳು ಮ್ಯೂಸಿಯಮ್ಮಿಗೆ ಕೊಟ್ಟರು. ಹಾಗಾಗಿ ನಮ್ಮಪ್ಪನ ಸ್ವೆಟರಿಗೂ ನಾನೇ ನಂಬರು ಅಂಟಿಸಿದೆ.

ಪೆಟ್ಟಿಗೆಯ ತಳದಲ್ಲಿ ಒಂದು ವಸ್ತು ಇತ್ತು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಮರದ ಹಲಗೆ, ನಡುವೆ ತೂತು, ತೂತಿನಿಂದ ಮೊಳದಷ್ಟು ದಾರ, ದಾರದ ತುಂಬ ಗಂಟುಗಳು. ನಮ್ಮ ನಿರ್ದೇಶಕರು ಆಟಿಕೆ ಎನ್ನುತ್ತಾರೆ. ಹಳೆಯ ಗುಮಾಸ್ತರು ಬಲೆಯ ತೂಕ ಎನ್ನುತ್ತಾರೆ. ಅಪ್ಪ ಆಟಿಕೆಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುವವರಲ್ಲ. ಜೂನಿನಲ್ಲಿ ಹೊಸ ಕೋಣೆಯೊಂದು ತೆರೆಯುತ್ತಿದ್ದೇವೆ. ಹಿಂದಿನವರು ಕಡಲಿನಲ್ಲಿ ದಾರಿ ಹೇಗೆ ಕಂಡುಕೊಳ್ಳುತ್ತಿದ್ದರು ಎಂದು ತೋರಿಸುವ ಕೋಣೆ. ಅದಕ್ಕೆ ಇದು ಸೇರಿದ್ದೋ ಅಲ್ಲವೋ ಎಂದು ಹೇಳಬಲ್ಲವರು ಬದುಕಿರುವವರಲ್ಲಿ ನೀವೊಬ್ಬರೇ. ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ ಅಣ್ಣನ ಮಗಳು


ಫೆಬ್ರವರಿ 2

ಮ್ಯೂಸಿಯಮ್ಮಿನವರಿಗೆ,

ಕಾಗದ ತಲುಪಿತು. ನಾನು ಮೂವತ್ತೆಂಟು ವರ್ಷದಿಂದ ಹೊಲಿಗೆಯಂತ್ರ ರಿಪೇರಿ ಮಾಡುತ್ತಿದ್ದೇನೆ. ಇಲ್ಲಿಂದ ಯಾವ ದಿಕ್ಕಿಗೆ ಎರಡು ದಿನ ನಡೆದರೂ ಉಪ್ಪುನೀರು ಕಾಣಿಸುವುದಿಲ್ಲ. ಅದನ್ನು ನೋಡಿಯೇ ಈ ಊರನ್ನು ಆರಿಸಿಕೊಂಡದ್ದು. ನನಗೆ ಈಗ ಗೊತ್ತಿರುವ ಗಂಟು ಬಾಬಿನ್ ಅಡಿಯಲ್ಲಿ ಬೀಳುವ ಗಂಟೊಂದೇ.

ಆದರೆ ಆಟಿಕೆ ಎಂದರಲ್ಲ ನಿಮ್ಮ ನಿರ್ದೇಶಕರು, ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಅದು ನನ್ನಪ್ಪನ ಹಲಗೆ. ಅದರಿಂದ ಅವರು ಐವತ್ತು ವರ್ಷ ಹಡಗು ನಡೆಸಿದರು. ಸೂರ್ಯ ಮುಳುಗಿ ಚುಕ್ಕಿ ಮೂಡುತ್ತಿರುವಾಗ, ನೀರಿನ ಅಂಚು ಇನ್ನೂ ಕಾಣುತ್ತಿರುವ ಆ ಕಾಲು ಗಂಟೆಯಲ್ಲಿ ಮಾತ್ರ ಅದಕ್ಕೆ ಕೆಲಸ. ಗಂಟನ್ನು ಹಲ್ಲಿನಲ್ಲಿ ಕಚ್ಚಬೇಕು. ದಾರ ಬಿಗಿಯಾಗುವಷ್ಟು ಹಲಗೆಯನ್ನು ಮುಂದೆ ಹಿಡಿಯಬೇಕು. ಕೆಳ ಅಂಚು ನೀರಿನ ಗೆರೆಗೆ ಕೂರಬೇಕು. ಮೇಲಿನ ಅಂಚಿಗೆ ಧ್ರುವ ನಕ್ಷತ್ರ ತಾಗಿದರೆ ಆ ಗಂಟಿನ ಬಂದರು ಇರುವ ಪೂರ್ವ-ಪಶ್ಚಿಮದ ಸಾಲಿಗೆ ಬಂದೆವು ಎಂದರ್ಥ. ಆಮೇಲೆ ಅದೇ ಸಾಲು ಹಿಡಿದು ನೇರ ಹೋದರೆ ಸಾಕು, ಬಂದರು ತಾನಾಗಿ ಎದುರಾಗುತ್ತದೆ. ಒಂದೊಂದು ಗಂಟು ಒಂದೊಂದು ಬಂದರು.

ಇಷ್ಟೇ ನನಗೆ ಗೊತ್ತಿರುವುದು.

ಹೊಲಿಗೆಯಂತ್ರ ರಿಪೇರಿಯವನು


ಫೆಬ್ರವರಿ 8

ಚಿಕ್ಕಪ್ಪ,

ನಿಮ್ಮ ಕಾಗದ ಬಂದ ಸಂಜೆಯೇ ಹಲಗೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಗೋದಾಮಿನ ತಾರಸಿ ಹತ್ತಿದೆ. ಅಸಲಿ ದಾರ ಕಚ್ಚುವ ಧೈರ್ಯ ಬರಲಿಲ್ಲ. ಅಳತೆಗೆ ಸರಿಯಾಗಿ ಬೇರೆ ದಾರದಲ್ಲಿ, ರಟ್ಟಿನಲ್ಲಿ ಒಂದು ನಕಲು ಮಾಡಿಕೊಂಡಿದ್ದೆ. ನಿರ್ದೇಶಕರೂ ಹಿಂದೆಯೇ ಬಂದರು. "ಬಾಯಲ್ಲಿ ದಾರ ಇಟ್ಕೊಂಡು ಏನ್ರೀ ಇದು, ಹಲ್ಲುನೋವಾ?" ಎಂದರು.

ಒಂದೊಂದೇ ಗಂಟು ಕಚ್ಚುತ್ತ ಹೋದೆ. ಚುಕ್ಕಿ ಹಲಗೆಗಿಂತ ತೀರ ಮೇಲೆ ನಿಲ್ಲುತ್ತಿತ್ತು ಇಲ್ಲವೇ ಹಿಂದೆ ಅಡಗುತ್ತಿತ್ತು. ಕೊನೆಯಿಂದ ಎರಡನೆಯ ಗಂಟಿಗೆ, ಚಿಕ್ಕಪ್ಪ, ಅದು ಅಂಚಿನ ಮೇಲೆ ಬಂದು ಕೂತಿತು! ಹಕ್ಕಿ ಗೋಡೆಯ ಮೇಲೆ ಕೂತ ಹಾಗೆ. ಅದು ನಮ್ಮ ಬಂದರಿನ ಗಂಟು, ಅಲ್ಲವೇ? ನಿರ್ದೇಶಕರು ನನ್ನ ಕೈಯಿಂದ ಕಿತ್ತುಕೊಂಡು ತಾವೂ ಕಚ್ಚಿದರು. ಮರುದಿನ ರಿಜಿಸ್ಟರಿನಲ್ಲಿ "ಆಟಿಕೆ" ಎಂಬುದನ್ನು ತಾವೇ ಹೊಡೆದುಹಾಕಿದರು.

ಈಗ ಉಳಿದ ಗಂಟುಗಳ ಊರು ಹೇಳುತ್ತೀರಾ? ಒಟ್ಟು ಎಂಟು ಇವೆ.

ನಿಮ್ಮ ಅಣ್ಣನ ಮಗಳು


ಫೆಬ್ರವರಿ 20

ಮಗೂ,

ಹೌದು, ಕೊನೆಯಿಂದ ಎರಡನೆಯದು ನಮ್ಮ ಊರು. ಹಲಗೆಗೆ ಹತ್ತಿರ ಇದ್ದಷ್ಟೂ ಉತ್ತರದ ಬಂದರು. ಮ್ಯಾಪಿನಲ್ಲಿ ಅವಕ್ಕೆ ಏನು ಹೆಸರೋ, ನಾವು ಕರೆಯುತ್ತಿದ್ದದ್ದು ಹೀಗೆ: ಮೊದಲನೆಯದು ಚಳಿ ಬಂದರು. ಎರಡನೆಯದು ಎರಡು ಗೋಪುರ. ಮೂರನೆಯದು ಕತ್ತೆಬೆನ್ನು, ಅಲ್ಲಿನ ಗುಡ್ಡ ಹಾಗಿದೆ. ನಾಲ್ಕನೆಯದು ನೊಣದ ಬಂದರು, ಅಲ್ಲಿ ಬಾಯಿ ತೆರೆದು ಮಾತಾಡಿದರೆ ಊಟವಾಗಿಬಿಡುತ್ತಿತ್ತು. ಐದನೆಯದು ಸಿಹಿನೀರು. ಆರನೆಯದು ನಮ್ಮದು. ಏಳನೆಯದು ದಕ್ಷಿಣದ ತುದಿ.

ಏಳೇ. ಎಂಟಲ್ಲ. ಇನ್ನೊಮ್ಮೆ ಎಣಿಸು. ಚಿಕ್ಕವಳಿದ್ದಾಗಲೂ ನೀನು ಎಣಿಕೆಯಲ್ಲಿ ಒಂದು ಹೆಚ್ಚಿಗೆ ಹೇಳುತ್ತಿದ್ದೆ, ತಿದ್ದಿದರೆ ಅಳುತ್ತಿದ್ದೆ. ಆ ರಾಗಕ್ಕೇ ನಿನಗೆ ಪಿಟೀಲು ಎಂದು ಹೆಸರಿಟ್ಟಿದ್ದೆ. ಮರೆತಿದ್ದೀಯೋ ಏನೋ.

ನಿನ್ನ ಚಿಕ್ಕಪ್ಪ


ಮಾರ್ಚ್ 4

ಚಿಕ್ಕಪ್ಪ,

ಪಿಟೀಲು ಎನ್ನುತ್ತಿದ್ದವರು ನೀವೆಂದು ಗೊತ್ತಿರಲಿಲ್ಲ. ಅಮ್ಮನಿಗೆ ಕಾಗದ ಓದಿ ಹೇಳಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಅಕ್ಷರ ಇನ್ನೂ ಹಾಗೇ ಇದೆ, ಇರುವೆ ಸಾಲು" ಎಂದರು.

ಎಣಿಸಿದೆ. ನಾನು ಎರಡು ಸಲ, ನಿರ್ದೇಶಕರು ಒಂದು ಸಲ. ಎಂಟೇ. ಹೆಚ್ಚಿನದು ನೊಣದ ಬಂದರಿಗೂ ಸಿಹಿನೀರಿಗೂ ನಡುವೆ ಇದೆ, ಹಲಗೆಯಿಂದ ಐದನೆಯದು. ಭೂತಗನ್ನಡಿಯಲ್ಲಿ ನೋಡಿದರೆ ಅದು ಉಳಿದವುಗಳ ಕಾಲದ್ದಲ್ಲ. ಬೇರೆ ಗಂಟುಗಳು ದಾರಕ್ಕೇ ಹಾಕಿದವು. ಇದು ಆಮೇಲೆ ಬೇರೊಂದು ತುಂಡು ನೂಲಿನಿಂದ ಬಿಗಿದದ್ದು. ಆದರೆ ತಲೆ ಕೆಡಿಸುವ ಸಂಗತಿ ಬೇರೆಯೇ ಇದೆ. ಎಂಟರಲ್ಲೂ ಹಲ್ಲಿನ ಗುರುತಿದೆ, ಈ ಹೊಸ ಗಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು. ನಮ್ಮ ಊರಿನ ಗಂಟಿಗಿಂತಲೂ ಹೆಚ್ಚು ಸವೆದಿದೆ. ಅಪ್ಪ ಮನೆಗೆ ಬರುವುದಕ್ಕಿಂತ ಹೆಚ್ಚು ಸಲ ಹುಡುಕಿಕೊಂಡು ಹೋದ ಆ ಜಾಗ ಯಾವುದು?

ದಾರದ ಉದ್ದ ಅಳೆದು ಲೆಕ್ಕ ಹಾಕಿದೆ, ಆ ಸಾಲನ್ನು ನಕ್ಷೆಯ ಮೇಲೆ ಎಳೆದೆ. ದಡದಲ್ಲಿ ಆ ಸಾಲಿಗೆ ಬರೀ ಬಂಡೆ. ಊರಿಲ್ಲ, ದೀಪಸ್ತಂಭವಿಲ್ಲ. ನಡುಗಡಲಿನಲ್ಲಿ, ನೀವು ಓಡಾಡುತ್ತಿದ್ದ ದಾರಿಯಿಂದ ಅರ್ಧ ದಿನ ಆಚೆ, ಚುಕ್ಕಿಗಳಿಂದ ಬರೆದ ಒಂದು ಪುಟ್ಟ ಸುತ್ತು ಇದೆ. ಪಕ್ಕದಲ್ಲಿ ಸಣ್ಣಕ್ಷರ: "ಮರಳದಿಬ್ಬ. ಕುಡಿಯುವ ನೀರಿಲ್ಲ."

ಅಲ್ಲಿ ಏನಿತ್ತು ಚಿಕ್ಕಪ್ಪ?

ಪಿಟೀಲು


ಮಾರ್ಚ್ 29

ಚಿಕ್ಕಪ್ಪ,

ಉತ್ತರ ಬರಲಿಲ್ಲ. ಮೈಯಲ್ಲಿ ಹುಷಾರಿದೆ ತಾನೇ? ಮರಳದಿಬ್ಬದ ಮಾತು ನಿಮಗೆ ಬೇಡವಾದರೆ ಬೇಡ. ಕತ್ತೆಬೆನ್ನಿನ ಬಗ್ಗೆಯಾದರೂ ಬರೆಯಿರಿ.

ಪಿಟೀಲು


ಏಪ್ರಿಲ್ 22

ಮಗೂ,

ಹುಷಾರಾಗಿದ್ದೇನೆ. ಮೂರು ಸಲ ಬರೆದು ಹರಿದೆ. ಆ ಗಂಟು ನಾನಿದ್ದಾಗ ಇರಲಿಲ್ಲ. ಅದನ್ನು ನಿಮ್ಮಪ್ಪ ಹಾಕಿದ್ದಾನೆ ಎಂಬುದೇ ನನಗೆ ನಿನ್ನಿಂದ ತಿಳಿದದ್ದು. ಇಷ್ಟು ವರ್ಷ ನಾನು ತಿಳಿದುಕೊಂಡಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಹಡಗಿನಲ್ಲಿ ನಾವು ಒಂಬತ್ತು ಜನ. ಅಣ್ಣ ಕಪ್ತಾನ. ನನಗೆ ಇಪ್ಪತ್ತನಾಲ್ಕು. ಬಟ್ಟೆಯ ಮೂಟೆ ತುಂಬಿಕೊಂಡು ನೊಣದ ಬಂದರಿನಿಂದ ದಕ್ಷಿಣಕ್ಕೆ ಇಳಿಯುತ್ತಿದ್ದೆವು. ಎರಡನೆಯ ದಿನ ಬಿರುಗಾಳಿ ಹಿಡಿಯಿತು. ದೊಡ್ಡ ಹಾಯಿ ಹರಿದುಹೋಗಿ ಚಿಕ್ಕ ಹಾಯಿಯೊಂದರ ಮೇಲೆ ಓಡುತ್ತಿದ್ದೆವು. ಗಾಳಿ ನಮ್ಮನ್ನು ದಾರಿ ಬಿಟ್ಟು ಎಷ್ಟೋ ದೂರ ತಳ್ಳಿತ್ತು. ಮಧ್ಯಾಹ್ನ ಎಡಕ್ಕೆ ಬಿಳಿ ನೊರೆ ಕಂಡಿತು. ಮರಳದಿಬ್ಬ. ಅದರ ಈಚೆ ಮಗುಚಿದ ದೋಣಿಯೊಂದರ ಬೆನ್ನಿನ ಮೇಲೆ ಮೂವರು ಕೂತಿದ್ದರು. ಒಬ್ಬನ ಕೈಯಲ್ಲಿ ಕೆಂಪು ಬಟ್ಟೆ. ಬೀಸುತ್ತಿದ್ದ. ನಮ್ಮ ಹಡಗು ಹತ್ತಿರ ಬಂದಾಗ ಬೀಸುವುದನ್ನು ನಿಲ್ಲಿಸಿದ, ನಾವು ನೋಡಿದೆವು ಎಂದು ಅವನಿಗೆ ಖಾತ್ರಿಯಾಗಿತ್ತು.

ನಾನು "ಅಣ್ಣಾ" ಎಂದು ಕೂಗಿದೆ. ಅವನು ಅಲೆಯನ್ನು ನೋಡಿದ, ಹಾಯಿಯನ್ನು ನೋಡಿದ, ಆ ಮೂವರನ್ನು ನೋಡಿದ. "ಹೀಗೇ ಹೋಗ್ಲಿ" ಎಂದ. ಅಷ್ಟೇ. ಹಡಗು ತಿರುಗಲಿಲ್ಲ.

ತಿರುಗಿಸಿದ್ದರೆ ಅಲೆಗೆ ಅಡ್ಡ ಬಿದ್ದು ನಾವೂ ಮಗುಚುತ್ತಿದ್ದೆವೋ ಏನೋ. ಅದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಮೂರು ದಿನ ಕಳೆದು ಸಿಹಿನೀರು ಬಂದರು ಮುಟ್ಟಿದೆವು. ಅಲ್ಲಿಯವರೆಗೂ ಅವನೊಡನೆ ಮಾತಾಡಲಿಲ್ಲ. ಹಗ್ಗ ಕಟ್ಟುವ ಮೊದಲೇ ದಡಕ್ಕೆ ಹಾರಿ ನಡೆದುಬಿಟ್ಟೆ. ಅವನು ಹಿಂದಿನಿಂದ ಕರೆದ. ತಿರುಗಿ ನೋಡಲಿಲ್ಲ. ಆಮೇಲೆ ಅವನು ಅದನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಂಡು, ಏನೂ ಆಗದವನ ಹಾಗೆ ಸರಕು ಇಳಿಸಿ ಮನೆಗೆ ಹೋದ ಎಂದೇ ನಾನು ತಿಳಿದದ್ದು.

ನಿಮ್ಮ ಕೋಣೆಯಲ್ಲಿ ಆ ಹಲಗೆ ಇಟ್ಟರೆ ಇದನ್ನೂ ಬರೆದಿಡಿ. ಬರೀ ಜಾಣತನದ ವಸ್ತು ಎಂದು ತೋರಿಸಬೇಡಿ.

ನಿನ್ನ ಚಿಕ್ಕಪ್ಪ


ಮೇ 10

ಚಿಕ್ಕಪ್ಪ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಮೇಜಿನ ಮೇಲೆ ಇಟ್ಟೆ, ಅವರೇ ಓದಿಕೊಂಡು ಮತ್ತೆ ಅಲ್ಲೇ ಇಟ್ಟರು.

ನಿಮ್ಮ ಲೆಕ್ಕ ತಾಳೆಯಾಗದೆ ಇದ್ದದ್ದಕ್ಕೆ ಕಾರಣವಿದೆ. ನಾನು ಎರಡು ಕಡೆ ಹುಡುಕಿದೆ.

ಒಂದು, ಹಳೆಯ ಬಂದರು ಕಚೇರಿಗಳ ಪುಸ್ತಕಗಳು. ಕಚೇರಿಗಳು ಮುಚ್ಚಿದಾಗ ತೂಕಕ್ಕೆ ಹಾಕಲು ಹೊರಟಿದ್ದರಂತೆ. ನಮ್ಮ ನಿರ್ದೇಶಕರು ಲಾರಿಗೆ ಅಡ್ಡ ನಿಂತು ಎಲ್ಲವನ್ನೂ ಇಲ್ಲಿಗೆ ತರಿಸಿದ್ದರು. ಅವುಗಳಲ್ಲಿ ಸಿಹಿನೀರು ಬಂದರಿನ ಪುಸ್ತಕವೂ ಇದೆ. ಗೆದ್ದಲು ಹಿಡಿದ ಪುಟಗಳನ್ನು ಚಿಮಟದಿಂದ ಬಿಡಿಸುತ್ತ ನಾಲ್ಕು ದಿನ ಕೂತೆ. ನೀವು ನಡೆದುಹೋದ ದಿನವೇ, ಸರಕು ಇಳಿಸುವ ಮುಂಚೆ, ಅಪ್ಪ ಆ ಕಚೇರಿಗೆ ಹೋಗಿ ತಾವಾಗಿ ಬರೆಸಿದ್ದಾರೆ. ಕಡಲಲ್ಲಿ ಆಪತ್ತಿನಲ್ಲಿದ್ದ ಮೂವರನ್ನು ಬಿಟ್ಟು ಬಂದೆ ಎಂದು. ಯಾರೂ ದೂರು ಕೊಟ್ಟಿರಲಿಲ್ಲ. ಅದಕ್ಕೆ ಆರು ತಿಂಗಳು ಅವರ ಪರವಾನಗಿ ತಡೆಹಿಡಿದಿದ್ದರು. ನನಗೆ ಆ ಆರು ತಿಂಗಳು ನೆನಪಿದೆ. ಅಪ್ಪ ಮನೆಯಲ್ಲಿದ್ದಾರೆಂದು ನಾನು ಕುಣಿದಾಡಿದ್ದೆ.

ಎರಡು, ಉಪ್ಪಣ್ಣ. ನಿಮ್ಮ ಹಡಗಿನ ಅಡುಗೆಯವರು, ಯಾವಾಗಲೂ ಒಂದು ಹಿಡಿ ಉಪ್ಪು ಹೆಚ್ಚು ಹಾಕುತ್ತಿದ್ದವರು. ಬದುಕಿದ್ದಾರೆ, ಎಂಬತ್ತು ದಾಟಿದೆ, ಮಗಳ ಮನೆಯಲ್ಲಿದ್ದಾರೆ. ಮ್ಯೂಸಿಯಮ್ಮಿಗೆ ಕರೆತಂದೆ. ಹಲಗೆ ಕಂಡದ್ದೇ ಎರಡೂ ಕೈಗಳಿಂದ ಹಿಡಿದುಕೊಂಡರು.

"ಐದನೇದಾ? ಅದು ನಮ್ಮ ನೀರಿನ ಗಂಟು" ಎಂದರು. "ಬಂದರು ಮುಟ್ಟಿದ್ವಲ್ಲ, ಹೇಳಿಕೆ ಬರೆಸಿದ್ರಲ್ಲ, ಅವತ್ತೇ ಕಪ್ತಾನರು ಒಂದು ದೋಣಿ ಕೇಳಿ ತಗೊಂಡು ವಾಪಸ್ ಹೊರಟ್ರು. ನಾನೂ ಹೋದೆ. ದಿಬ್ಬದ ಮೇಲೆ ಯಾರೂ ಇರ್ಲಿಲ್ಲ. ಆ ದೋಣೀನೂ ಇರ್ಲಿಲ್ಲ. ಸಂಜೆ ಅಲ್ಲೇ ನಿಂತು ಚುಕ್ಕಿ ನೋಡಿ ಗಂಟು ಹಾಕಿದ್ರು."

"ಆಮೇಲೆ?"

"ಆಮೇಲೇನಮ್ಮ, ಪರವಾನಗಿ ವಾಪಸ್ ಬಂದ್ಮೇಲೆ ಪ್ರತಿ ಸಲ ಹೋಗೋವಾಗ ಒಂದ್ಸಲ, ಬರೋವಾಗ ಒಂದ್ಸಲ. ಅರ್ಧ ದಿನ ದಾರಿ ಬಿಟ್ಟು ಹೋಗೋದು. ಎರಡು ಪೀಪಾಯಿ ಸಿಹಿನೀರು ದಿಬ್ಬದ ಮೇಲೆ ಇಡೋದು, ಒಂದು ಗಳ ನೆಟ್ಟು ಬಟ್ಟೆ ಕಟ್ಟೋದು. ಹಳೇ ನೀರು ಚೆಲ್ಲಿ ಹೊಸದು ತುಂಬೋದು. ಹನ್ನೊಂದು ವರ್ಷ. ಹುಡುಗ್ರು ಗೊಣಗ್ತಿದ್ರು. ಒಂದ್ಸಲ ಏನಾಯ್ತು ಗೊತ್ತಾ? ಹೋಗಿ ನೋಡ್ತೀವಿ, ಒಂದು ಪೀಪಾಯಿ ಖಾಲಿ. ಒಡೆದಿರ್ಲಿಲ್ಲ, ಬಿದ್ದಿರ್ಲಿಲ್ಲ. ಯಾರೋ ಕುಡಿದು ಮುಚ್ಚಳ ಸರಿಯಾಗಿ ಮುಚ್ಚಿಟ್ಟಿದ್ರು. ಕಪ್ತಾನರು ಆ ಮುಚ್ಚಳ ತೆಗೀತಾರೆ, ಹಾಕ್ತಾರೆ, ತೆಗೀತಾರೆ, ಹಾಕ್ತಾರೆ. ಅವತ್ತು ನಾನು ಮಾಡಿದ ಅಡುಗೇನ ಮೊದಲನೇ ಸಲ ಚೆನ್ನಾಗಿದೆ ಅಂದ್ರು."

ಯಾರು ಕುಡಿದರೋ ಗೊತ್ತಿಲ್ಲ. ಆ ಮೂವರು ಯಾರೆಂದೂ ಗೊತ್ತಿಲ್ಲ. ಇನ್ನೂ ಮೂರು ಬಂದರುಗಳ ಪುಸ್ತಕಗಳಿವೆ, ಹುಡುಕುತ್ತೇನೆ. ಕೋಣೆಯಲ್ಲಿ ಹಲಗೆಯ ಪಕ್ಕ ಇಡುವ ಕಾರ್ಡಿಗೆ ಬರೆದದ್ದನ್ನು ಕಳಿಸುತ್ತಿದ್ದೇನೆ. ಮೂರನೆಯ ಸಾಲು ಅಪ್ಪನ ಹೇಳಿಕೆಯಿಂದ ತೆಗೆದದ್ದು. ನೋಡಿ ತಿದ್ದಿ.

ಪಿಟೀಲು


ಮೇ 21

ಮಗೂ,

ಬಂದರು ಕಚೇರಿಯಲ್ಲಿ ನಿಮ್ಮಪ್ಪ ಬರೆಸಿದ್ದರ ಪೂರ್ತಿ ನಕಲು ಕಳಿಸು. ಒಂದಕ್ಷರವನ್ನೂ ಬಿಡಬೇಡ.

ಚಿಕ್ಕಪ್ಪ


ಮೇ 27

ಚಿಕ್ಕಪ್ಪ,

ಇದು ಪೂರ್ತಿ ಹೇಳಿಕೆ:

"ಬಿರುಗಾಳಿಯಲ್ಲಿ ಮರಳದಿಬ್ಬದ ಬಳಿ ಮಗುಚಿದ ದೋಣಿಯ ಮೇಲೆ ಮೂವರನ್ನು ಕಂಡೆನು. ನಿಲ್ಲಿಸಲಿಲ್ಲ. ನಿರ್ಧಾರ ನನ್ನದು. ಚುಕ್ಕಾಣಿಯೂ ನನ್ನ ಕೈಯಲ್ಲೇ ಇತ್ತು. ಹಡಗಿನ ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲ."

ಕೆಳಗೆ ರುಜು. ತಿದ್ದುವುದೇನಾದರೂ ಇದೆಯೇ? ಕೋಣೆ ಜೂನ್ 14ಕ್ಕೆ ತೆರೆಯುತ್ತದೆ. ನೀವು ಬಂದರೆ ಹಲಗೆ ಹಿಡಿಯುವುದು ಹೇಗೆಂದು ಜನಕ್ಕೆ ತೋರಿಸಬಹುದು. ಅಮ್ಮ ಆಗಲೇ ಒಳಗಿನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ.

ಪಿಟೀಲು


ಜೂನ್ 30

ಚಿಕ್ಕಪ್ಪ,

ನೀವು ಹೋಗಿ ವಾರ ಕಳೆದರೂ ನಿರ್ದೇಶಕರು ನಿಮ್ಮ ಮಾತೇ ಆಡುತ್ತಿದ್ದಾರೆ. ಕೋಣೆ ತೆರೆದ ದಿನ ಬಂದವರೆಲ್ಲ ರಟ್ಟಿನ ಹಲಗೆಗಳನ್ನು ಬಾಯಲ್ಲಿ ಕಚ್ಚಿಕೊಂಡು ತಾರಸಿಯಲ್ಲಿ ಸಾಲಾಗಿ ನಿಂತದ್ದನ್ನು ಪತ್ರಿಕೆಯವರು ಫೋಟೋ ತೆಗೆದಿದ್ದಾರೆ. ಇದರ ಜೊತೆ ಇಟ್ಟಿದ್ದೇನೆ. ನೀವು ಮಾತ್ರ ಕ್ಯಾಮೆರಾ ಬಿಟ್ಟು ನೀರನ್ನು ನೋಡುತ್ತಿದ್ದೀರಿ.

ತಿಂಗಳಿಗೆ ಎರಡು ಶನಿವಾರ ಬರಲು ಒಪ್ಪಿದ್ದಕ್ಕೆ ಖುಷಿಯಾಯಿತು. ಒಂದು ಮಾತು ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ. ಕಾರ್ಡಿನ ಮುಂದೆ ನೀವು ತುಂಬ ಹೊತ್ತು ನಿಂತಿದ್ದಿರಿ. ಚುಕ್ಕಾಣಿಯ ಮಾತಿರುವ ಮೂರನೆಯ ಸಾಲಿನ ಮೇಲೆ ಬೆರಳು ಇಟ್ಟಿದ್ದಿರಿ. ಅಕ್ಷರ ತಪ್ಪಿದೆಯೇ?

ಪಿಟೀಲು


ಆಗಸ್ಟ್ 18

ಮಗೂ,

ಇದನ್ನು ಎದುರಿಗೆ ಹೇಳಬೇಕಿತ್ತು. ನಿನ್ನೆ ನೀನು ಕೆಳಗೆ ಪುಸ್ತಕಗಳ ನಡುವೆ ಇದ್ದೆ. ಮೆಟ್ಟಿಲವರೆಗೆ ಬಂದು ವಾಪಸಾದೆ. ಅದಕ್ಕೆ ಕಾಗದ.

ನಿನ್ನೆ ಬೆಳಿಗ್ಗೆ ಒಬ್ಬ ಹೆಂಗಸು ಬಂದಿದ್ದಳು. ನಲವತ್ತರ ಆಸುಪಾಸು, ರಜೆಯ ದಿನ, ಒಬ್ಬಳೇ. ಕಾರ್ಡನ್ನು ಎರಡು ಸಲ ಓದಿದಳು. ನಾನು ಹಲಗೆ ಹಿಡಿಯುವುದನ್ನು ತೋರಿಸಿದೆ, ಎಂದಿನ ಹಾಗೆ ಕತೆ ಹೇಳಿದೆ. ಮುಗಿದ ಮೇಲೆ ಕೇಳಿದಳು:

"ಕಪ್ತಾನರೇ ಚುಕ್ಕಾಣಿ ಹಿಡಿದಿದ್ರು ಅಂತ ಬರ್ದಿದೆ. ನೀವು ಈಗ ಹೇಳೋವಾಗ ಅವರು ಎದ್ದು ಹಾಯಿ ನೋಡಿದ್ರು, ಮುಂದೆ ಹೋಗಿ ಅಲೆ ನೋಡಿದ್ರು ಅಂದ್ರಿ. ಅಂಥಾ ಗಾಳೀಲಿ ಅದನ್ನ ಬಿಟ್ಟು ಎದ್ದು ಹೋಗೋಕ್ಕಾಗುತ್ತಾ? ತಪ್ಪು ತಿಳ್ಕೋಬೇಡಿ. ನಾನು ಬಸ್ ಓಡಿಸೋಳು, ಅದಕ್ಕೆ ಕೇಳ್ದೆ."

ಮೂವತ್ತೆಂಟು ವರ್ಷದಲ್ಲಿ ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಚುಕ್ಕಾಣಿ ನನ್ನ ಕೈಲಿತ್ತಮ್ಮ" ಎಂದೆ.

ಅವಳು ಅಲ್ಲಿದ್ದ ಬೆಂಚಿನ ಮೇಲೆ ಕೂತಳು, ನಾನೂ ಪಕ್ಕದಲ್ಲಿ ಕೂತೆ. "ಕೈಗೆ ಅದರ ಭಾರ ಗೊತ್ತಿರುತ್ತೆ" ಎಂದಳು. ಆಮೇಲೆ ಎದ್ದು ಹೋದಳು.

ಹೌದು ಮಗೂ. ಅಣ್ಣ "ಹೀಗೇ ಹೋಗ್ಲಿ" ಅಂದದ್ದು ನನಗೆ. ಹಾಗೇ ಹೋಗಲು ಬಿಟ್ಟವನು ನಾನು. ನನಗೂ ಅಲೆ ಕಾಣುತ್ತಿತ್ತು, ನನಗೂ ಸಾಯುವ ಭಯವಿತ್ತು. ಅವನು ಹೇಳಿದ್ದನ್ನು ಕೇಳಿ ನನ್ನ ಮೈ ಹಗುರಾಯಿತು. ಆ ಹಗುರವನ್ನು ತಾಳಲಾರದೆ ಅವನ ಮೇಲೆ ಕೋಪ ಮಾಡಿಕೊಂಡೆ. ನಿನಗೆ ಏಪ್ರಿಲಿನಲ್ಲಿ ಬರೆದಾಗಲೂ ಆ ಒಂದು ಮಾತನ್ನು ಜಾಣತನದಿಂದ ದಾಟಿದೆ. ಅಣ್ಣ ಕಚೇರಿಯಲ್ಲಿ ಸುಳ್ಳು ಬರೆಸಿದ್ದಾನೆಂದು ನಿನ್ನ ನಕಲು ಓದಿ ತಿಳಿಯಿತು. ಅಂಗಡಿ ಬಾಗಿಲು ಹಾಕಿಕೊಂಡು ಕೂತೆ. ಆದರೂ ಕಾರ್ಡಿನ ಮುಂದೆ ಬೆರಳು ಇಟ್ಟು ಸುಮ್ಮನೆ ಬಂದೆ.

ನಿನ್ನೆ ಮ್ಯೂಸಿಯಮ್ಮಿನಿಂದ ನೇರ ಅತ್ತಿಗೆಯ ಹತ್ತಿರ ಹೋದೆ. ಅವರು ಬಟ್ಟೆ ಮಡಿಸುತ್ತಿದ್ದರು. ಹೇಳಿದೆ. ಮಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿತ್ತು" ಎಂದರು.

"ಗೊತ್ತಿದ್ದೂ ವಿಳಾಸ ಇಟ್ಕೊಂಡು ಒಂದು ಕಾಗದ ಹಾಕ್ಲಿಲ್ವಲ್ಲ ಅತ್ತಿಗೆ?"

"ನಿಮ್ಮಣ್ಣ ಬೇಡ ಅಂದಿದ್ರು. 'ಅವನು ನನ್ನ ಮೇಲೆ ಕೋಪ ಇಟ್ಕೊಂಡ್ರೆ ಹೇಗೋ ಬದುಕ್ತಾನೆ, ತನ್ನ ಮೇಲೆ ಇಟ್ಕೊಂಡ್ರೆ ಬದುಕಲ್ಲ, ಚಿಕ್ಕ ವಯಸ್ಸು, ಬಿಡು' ಅಂದ್ರು. ನೀನಾಗಿ ಬರೋವರ್ಗೂ ಕಾಯೋಣ ಅಂದ್ರು." ಒಂದು ಸೀರೆಯ ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕೋ. ಒಬ್ಬಳ ಕೈಲಿ ಇದು ಸರಿಯಾಗಿ ಮಡಿಸೋಕ್ಕಾಗಲ್ಲ."

ಹಿಡಿದುಕೊಂಡೆ. ಮೂರು ಸೀರೆ ಮಡಿಸಿದೆವು. ನಡುವೆ ನಾನು ಅತ್ತೆನೋ ಏನೋ, ಅವರು ನೋಡಲಿಲ್ಲ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ನೀನು ಕೇಳಿದ್ದೆಯಲ್ಲ, ಅಕ್ಷರ ತಪ್ಪಿದೆಯೇ ಎಂದು. ಅಕ್ಷರ ಸರಿಯಾಗಿದೆ, ಮಾತು ತಪ್ಪಿದೆ. ಕಾರ್ಡಿನ ಮೂರನೆಯ ಸಾಲು ತೆಗೆದು ಹೀಗೆ ಬರೆ: "ಚುಕ್ಕಾಣಿ ಕಪ್ತಾನನ ತಮ್ಮನ ಕೈಯಲ್ಲಿತ್ತು. ಇಬ್ಬರೂ ತಿರುಗಿಸಲಿಲ್ಲ." ನಿಮ್ಮಪ್ಪನ ಹೇಳಿಕೆಯನ್ನೂ ಪಕ್ಕದಲ್ಲೇ ಇಡು, ಅವನು ಬರೆಸಿದ ಹಾಗೇ. ಎರಡೂ ಇರಲಿ. ಓದುವವರಿಗೆ ಯಾಕೆ ಹೀಗೆ ಎಂದು ಅನಿಸುತ್ತದೆ, ಅನಿಸಲಿ, ಕೇಳಲಿ.

ನಿರ್ದೇಶಕರು ಬೇಡವೆಂದರೆ ನಾನು ಮಾತಾಡುತ್ತೇನೆ. ಶನಿವಾರ ಹತ್ತು ಗಂಟೆಗೆ ಬರುತ್ತೇನೆ. ಕೇಳುವವರಿಗೆ ಉತ್ತರ ಹೇಳಲು ಇನ್ನು ಮೇಲೆ ಪ್ರತಿ ಶನಿವಾರವೂ ಇರುತ್ತೇನೆ.

ನಿನ್ನ ಚಿಕ್ಕಪ್ಪ